ಬಾಂಗ್ಲಾದೇಶ 2007: ನೀರು ಏರಿದ ವರ್ಷ, ಸಂಸತ್ತು ಇಲ್ಲದ ವರ್ಷ

2024ರ ಆಗಸ್ಟ್ 8ರಂದು ಪ್ಯಾರಿಸ್‌ನಿಂದ ಢಾಕಾಕ್ಕೆ ಬಂದಿಳಿದ ಮುಹಮ್ಮದ್ ಯೂನುಸ್ ಅದೇ ರಾತ್ರಿ ಮಧ್ಯಂತರ ಸರ್ಕಾರದ ಮುಖ್ಯ ಸಲಹೆಗಾರರಾಗಿ ಪ್ರಮಾಣವಚನ ಸ್ವೀಕರಿಸಿದರು. ಶೇಖ್ ಹಸೀನಾ ದೇಶ ಬಿಟ್ಟು ಆಗಿನ್ನೂ ಮೂರೇ ದಿನ. ಎರಡು ವಾರ ಕಳೆಯುವಷ್ಟರಲ್ಲಿ ಫೇನಿ, ಕುಮಿಲ್ಲಾ, ನೋವಾಖಾಲಿ ಜಿಲ್ಲೆಗಳು ಜಲಾವೃತವಾದವು. ಚುನಾಯಿತರಲ್ಲದ ಸರ್ಕಾರ, ಬೀದಿಯಲ್ಲಿ ವಿದ್ಯಾರ್ಥಿಗಳು, ಬ್ಯಾರಕ್ಕಿನಿಂದ ಹೊರಬಂದ ಸೈನ್ಯ, ಮೇಲಿಂದ ನೆರೆ. ಈ ದೃಶ್ಯವನ್ನು ಎಲ್ಲೋ ಕಂಡಿದ್ದೇವಲ್ಲ ಎಂದು ನೆರೆರಾಷ್ಟ್ರದ ರಾಜಕಾರಣವನ್ನು ಬಲ್ಲವರಿಗೆ ಅನ್ನಿಸಿದ್ದರೆ ಅದು ಸಹಜವೇ. ಹದಿನೇಳು ವರ್ಷಗಳ ಹಿಂದೆ, 2007ರಲ್ಲಿ, ಬಾಂಗ್ಲಾದೇಶ ಇದೇ ಹಾದಿಯಲ್ಲಿ ಇಡೀ ಒಂದು ವರ್ಷ ನಡೆದಿತ್ತು.

ಆ ವರ್ಷವನ್ನು ಸಾಮಾನ್ಯವಾಗಿ ಎರಡು ಪ್ರತ್ಯೇಕ ಕಡತಗಳಲ್ಲಿಟ್ಟು ನೋಡುವುದು ರೂಢಿ. ರಾಜಕೀಯ ಬರೆಯುವವರು ಜನವರಿ 11ರ ತುರ್ತುಪರಿಸ್ಥಿತಿ, ಇಬ್ಬರು ಮಾಜಿ ಪ್ರಧಾನಿಯರ ಬಂಧನ ಎನ್ನುತ್ತಾರೆ. ಪ್ರಕೃತಿ ವಿಕೋಪದ ಬಗ್ಗೆ ಬರೆಯುವವರು ಎರಡು ನೆರೆ ಮತ್ತು 'ಸಿಡರ್' ಚಂಡಮಾರುತ ಎನ್ನುತ್ತಾರೆ. ಆದರೆ ಈ ಎರಡನ್ನೂ ಒಂದೇ ಪಂಚಾಂಗದಲ್ಲಿ ಇಟ್ಟು ನೋಡಿದಾಗ ಮಾತ್ರ ಆ ವರ್ಷದ ನಿಜವಾದ ಪ್ರಶ್ನೆ ಎದುರಾಗುತ್ತದೆ. ನೆಲ, ಪೈರು, ಮನೆ ಮೂರನ್ನೂ ಕಳೆದುಕೊಂಡ ಪ್ರಜೆ ಯಾರ ಬಾಗಿಲು ತಟ್ಟಬೇಕು? ಸಂಸತ್ ಸದಸ್ಯರಿಲ್ಲ, ಪಕ್ಷಗಳ ಕಚೇರಿಗೆ ಬೀಗ, ಸಭೆ ಸೇರುವಂತಿಲ್ಲ.

ಅವಿಶ್ವಾಸದಿಂದ ಹುಟ್ಟಿದ ವ್ಯವಸ್ಥೆ

ಮೊದಲು ಸ್ವಲ್ಪ ಹಿನ್ನೆಲೆ. ಚುನಾವಣೆ ನಡೆಸುವ ಆಳುವ ಪಕ್ಷವನ್ನು ನಂಬಲು ಬಾಂಗ್ಲಾದೇಶದ ಯಾವ ವಿರೋಧ ಪಕ್ಷವೂ ಸಿದ್ಧವಿರಲಿಲ್ಲ. ಅದಕ್ಕಾಗಿಯೇ 1996ರಲ್ಲಿ ಸಂವಿಧಾನದ 13ನೇ ತಿದ್ದುಪಡಿಯ ಮೂಲಕ ಒಂದು ವಿಶಿಷ್ಟ ವ್ಯವಸ್ಥೆಯನ್ನು ತರಲಾಯಿತು. ಸರ್ಕಾರದ ಅವಧಿ ಮುಗಿದೊಡನೆ ಅಧಿಕಾರ ಪಕ್ಷಾತೀತ ಉಸ್ತುವಾರಿ ಸರ್ಕಾರದ ಕೈಗೆ ಹೋಗಬೇಕು. ಅತ್ಯಂತ ಇತ್ತೀಚೆಗೆ ನಿವೃತ್ತರಾದ ಮುಖ್ಯ ನ್ಯಾಯಮೂರ್ತಿ ಅದರ ಮುಖ್ಯ ಸಲಹೆಗಾರರಾಗಬೇಕು. ತೊಂಬತ್ತು ದಿನಗಳೊಳಗೆ ಚುನಾವಣೆ ನಡೆಯಬೇಕು. 1996 ಹಾಗೂ 2001ರ ಚುನಾವಣೆಗಳು ಹೀಗೆ ನಡೆದು, ಎರಡು ಬಾರಿಯೂ ಆಳುವ ಪಕ್ಷ ಸೋತಿತು ಎಂಬುದು ಇಲ್ಲಿ ಗಮನಾರ್ಹ.

ಬೇಲಿ ಗಟ್ಟಿಯಾಗಿದ್ದರೂ ಗೇಟಿನ ಕೀಲಿಕೈಗಾಗಿ ಜಗಳ ತಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಯಾವಾಗ ನಿವೃತ್ತರಾಗುತ್ತಾರೆ ಎಂಬುದರ ಮೇಲೆ ಮುಂದಿನ ಚುನಾವಣೆಯನ್ನು ಯಾರು ನಡೆಸುತ್ತಾರೆ ಎಂಬುದು ನಿಂತಿತ್ತು. 2004ರಲ್ಲಿ ಖಲೀದಾ ಜಿಯಾ ನೇತೃತ್ವದ ಬಿಎನ್‌ಪಿ ಸರ್ಕಾರ ನ್ಯಾಯಮೂರ್ತಿಗಳ ನಿವೃತ್ತಿ ವಯಸ್ಸನ್ನು 65ರಿಂದ 67ಕ್ಕೆ ಏರಿಸಿತು. ತಮಗೆ ಬೇಕಾದ ಕೆ.ಎಂ. ಹಸನ್ ಅವರೇ ಮುಖ್ಯ ಸಲಹೆಗಾರರಾಗಲೆಂದು ಮಾಡಿದ ಕೈಚಳಕವಿದು ಎಂದು ಅವಾಮಿ ಲೀಗ್ ಆರೋಪಿಸಿತು. 2006ರ ಅಕ್ಟೋಬರ್ ಕೊನೆಯ ವಾರದಲ್ಲಿ ಢಾಕಾದ ಬೀದಿಗಳಲ್ಲಿ ದೊಣ್ಣೆ, ಹುಟ್ಟುಗೋಲು ಹಿಡಿದು ಕಾರ್ಯಕರ್ತರು ಬಡಿದಾಡಿಕೊಂಡರು. ಹೆಣಗಳು ಬಿದ್ದವು. ಹಸನ್ ಹಿಂದೆ ಸರಿದರು. ಆಗ ಅಧ್ಯಕ್ಷ ಇಯಾಜುದ್ದೀನ್ ಅಹ್ಮದ್ ಮುಖ್ಯ ಸಲಹೆಗಾರನ ಪಟ್ಟವನ್ನೂ ತಾವೇ ಏರಿ ಕುಳಿತರು. ತೀರ್ಪುಗಾರನೇ ಬ್ಯಾಟು ಹಿಡಿದು ಕ್ರೀಸಿಗಿಳಿದಂತಾಯಿತು.

2007ರ ಜನವರಿ 22ಕ್ಕೆ ಮತದಾನ ಗೊತ್ತಾಗಿತ್ತು. ಮತದಾರರ ಪಟ್ಟಿಯಲ್ಲಿ ಒಂದು ಕೋಟಿಗೂ ಹೆಚ್ಚು ಬೋಗಸ್ ಅಥವಾ ಪುನರಾವರ್ತಿತ ಹೆಸರುಗಳಿದ್ದವು. ಜನವರಿ 3ರಂದು ಅವಾಮಿ ಲೀಗ್ ನೇತೃತ್ವದ ಮೈತ್ರಿಕೂಟ ಕಣದಿಂದ ಹಿಂದೆ ಸರಿಯಿತು. ಮುಂದಿನದು ಬಂದ್, ದಿಗ್ಬಂಧನ, ಗೋಲಿಬಾರ್‌ಗಳ ವಾರ.

ಗುರುವಾರದ ರಾತ್ರಿ

ಜನವರಿ 11, ಗುರುವಾರ. ಸೈನ್ಯದ ಮುಖ್ಯಸ್ಥ ಮೊಯೀನ್ ಯು. ಅಹ್ಮದ್ ಹಾಗೂ ಇತರ ಸೇನಾಧಿಕಾರಿಗಳು ಅಧ್ಯಕ್ಷರನ್ನು ಭೇಟಿಯಾದರು. ರಾತ್ರಿಯ ಹೊತ್ತಿಗೆ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು, ಇಯಾಜುದ್ದೀನ್ ಮುಖ್ಯ ಸಲಹೆಗಾರನ ಸ್ಥಾನ ಬಿಟ್ಟಿದ್ದರು, ಚುನಾವಣೆ ಮುಂದಕ್ಕೆ ಹೋಗಿತ್ತು. ಮರುದಿನ, ವಿಶ್ವ ಬ್ಯಾಂಕಿನಲ್ಲಿ ದುಡಿದು ಬಂದಿದ್ದ, ಕೇಂದ್ರ ಬ್ಯಾಂಕಿನ ಮಾಜಿ ಗವರ್ನರ್ ಫಖ್ರುದ್ದೀನ್ ಅಹ್ಮದ್ ಹೊಸ ಮುಖ್ಯ ಸಲಹೆಗಾರರಾದರು. ಬಾಂಗ್ಲಾ ಜನ ಇಂದಿಗೂ ಈ ಘಟನೆಯನ್ನು 'ಒನ್ ಇಲೆವೆನ್' ಎಂದೇ ಕರೆಯುತ್ತಾರೆ.

ಜನ ಇದನ್ನು ವಿರೋಧಿಸಿದರೇ? ಇಲ್ಲ. ಈ ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ಮೂರು ತಿಂಗಳ ಬೀದಿ ಕಾಳಗದಿಂದ ಬೇಸತ್ತಿದ್ದ ಢಾಕಾದ ಮಧ್ಯಮ ವರ್ಗ ನಿಟ್ಟುಸಿರು ಬಿಟ್ಟಿತು. ಅಂಗಡಿಗಳು ತೆರೆದವು, ಬಸ್ಸುಗಳು ಓಡಿದವು. ಮಂತ್ರಿ ಮಹೋದಯರು, ಅವರ ಮಕ್ಕಳು, ಗುತ್ತಿಗೆದಾರರು ಸಾಲಾಗಿ ಜೈಲು ಸೇರಿದಾಗ ಚಪ್ಪಾಳೆ ತಟ್ಟಿದವರೇ ಹೆಚ್ಚು. ಮಾರ್ಚ್‌ನಲ್ಲಿ ಖಲೀದಾ ಅವರ ಹಿರಿಯ ಪುತ್ರ ತಾರೀಕ್ ರೆಹಮಾನ್ ಬಂಧನವಾಯಿತು. 1975ರ ಜೂನ್‌ನಲ್ಲಿ ರೈಲುಗಳು ಹೊತ್ತಿಗೆ ಸರಿಯಾಗಿ ಓಡತೊಡಗಿದವೆಂದು ಸಂತಸಪಟ್ಟ ಭಾರತೀಯರಿದ್ದರಷ್ಟೆ. ಅದೇ ಮನಃಸ್ಥಿತಿ.

ಆದರೆ ಶುದ್ಧೀಕರಣದ ಪೊರಕೆ ಮೊದಲು ಗುಡಿಸಿದ್ದು ಯಾರನ್ನು ಎಂದು ನೋಡಿದರೆ ಬೇರೆ ಚಿತ್ರ ಕಾಣಿಸುತ್ತದೆ. ಜನವರಿ, ಫೆಬ್ರುವರಿಯಲ್ಲೇ ಅಕ್ರಮ ಕಟ್ಟಡ ತೆರವಿನ ಹೆಸರಿನಲ್ಲಿ ನಗರಗಳ ಕೊಳೆಗೇರಿಗಳು, ಪಾದಚಾರಿ ಮಾರ್ಗದ ಸಣ್ಣ ವ್ಯಾಪಾರಿಗಳ ಪೆಟ್ಟಿಗೆ ಅಂಗಡಿಗಳು, ಹಳ್ಳಿಯ ಸಂತೆಕಟ್ಟೆಗಳು ನೆಲಸಮವಾದವು. ದಿನದ ದುಡಿಮೆಯನ್ನು ದಿನವೇ ತಿನ್ನುವ ಲಕ್ಷಾಂತರ ಕುಟುಂಬಗಳ ಕೈ ಬರಿದಾಗಿದ್ದು ನೆರೆ ಬರುವ ಮುನ್ನವೇ.

ಇದೇ ಫೆಬ್ರುವರಿಯಲ್ಲಿ, ಹಿಂದಿನ ವರ್ಷವಷ್ಟೇ ನೊಬೆಲ್ ಶಾಂತಿ ಪ್ರಶಸ್ತಿ ಪಡೆದಿದ್ದ ಮುಹಮ್ಮದ್ ಯೂನುಸ್ 'ನಾಗರಿಕ ಶಕ್ತಿ' ಎಂಬ ಪಕ್ಷ ಕಟ್ಟುವುದಾಗಿ ಪ್ರಕಟಿಸಿದರು. ಇಬ್ಬರು ಬೇಗಂಗಳನ್ನೂ ರಾಜಕಾರಣದಿಂದ ಹೊರಗಿಡುವ 'ಮೈನಸ್ ಟು' ಸೂತ್ರದ ಮಾತು ಎಲ್ಲೆಡೆ ಹರಡಿದ್ದ ಕಾಲವದು. ಮೇ ತಿಂಗಳ ಆರಂಭದಲ್ಲೇ ಯೂನುಸ್ ಆ ಯತ್ನವನ್ನು ಕೈಬಿಟ್ಟರು. ಬೆನ್ನಿಗೆ ನಿಲ್ಲುತ್ತೇವೆಂದವರು ಯಾರೂ ಪಕ್ಷಕ್ಕೆ ಬರಲಿಲ್ಲ. ಅದೇ ವೇಳೆಗೆ, ವಿದೇಶದಲ್ಲಿದ್ದ ಹಸೀನಾ ಸ್ವದೇಶಕ್ಕೆ ಮರಳದಂತೆ ಹಾಕಿದ್ದ ನಿಷೇಧವನ್ನು ಸರ್ಕಾರ ಹಿಂದಕ್ಕೆ ಪಡೆಯಬೇಕಾಯಿತು. ಮೇ 7ರಂದು ಅವರು ಢಾಕಾದಲ್ಲಿ ಇಳಿದಾಗ ತುರ್ತುಪರಿಸ್ಥಿತಿಯನ್ನೂ ಲೆಕ್ಕಿಸದೆ ಜನ ಸೇರಿದ್ದರು.

ಈ ನಡುವೆ ದೇಶ ಒಂದು ರಾತ್ರಿ ರಾಜಕಾರಣವನ್ನು ಮರೆತು ಬೀದಿಗಿಳಿದದ್ದುಂಟು. ಮಾರ್ಚ್ 17ರಂದು ವೆಸ್ಟ್ ಇಂಡೀಸ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ನಮ್ಮ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ 191ಕ್ಕೆ ಆಲೌಟ್ ಆಗಿ ಐದು ವಿಕೆಟ್‌ಗಳಿಂದ ಸೋತಿತು. ಆ ಸೋಲಿನ ಕಹಿ ಬೆಂಗಳೂರಿನವರಿಗೆ ಇನ್ನೂ ನೆನಪಿದೆ. ಪಂದ್ಯದ ಹಿಂದಿನ ದಿನವಷ್ಟೇ ಬಾಂಗ್ಲಾದ ಯುವ ಆಟಗಾರ ಮಂಜುರುಲ್ ಇಸ್ಲಾಂ ರಾಣಾ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಜಯವನ್ನು ತಂಡ ಅವರಿಗೆ ಅರ್ಪಿಸಿತು. ತುರ್ತುಪರಿಸ್ಥಿತಿಯಲ್ಲಿ ಗುಂಪು ಸೇರಬಾರದೆಂಬ ನಿಯಮ ಆ ರಾತ್ರಿ ಯಾರಿಗೂ ನೆನಪಾಗಲಿಲ್ಲ, ಪೊಲೀಸರಿಗೂ ಸಹ.

'ಬರ್ಷಾ' ಬೇರೆ, 'ಬನ್ಯಾ' ಬೇರೆ

ಮಳೆಗಾಲದ ಮೊದಲ ಪೆಟ್ಟು ಬಿದ್ದದ್ದು ಜೂನ್ 11ರಂದು, ಚಿತ್ತಗಾಂಗ್‌ನಲ್ಲಿ. ಗುಡ್ಡಗಳನ್ನು ಮನಸೋ ಇಚ್ಛೆ ಕಡಿದು, ಅದರ ಬುಡದಲ್ಲಿ ಬಡವರು ಗುಡಿಸಲು ಕಟ್ಟಿಕೊಂಡಿದ್ದರು. ಒಂದೇ ದಿನದ ಭಾರಿ ಮಳೆಗೆ ಗುಡ್ಡ ಕುಸಿದು 120ಕ್ಕೂ ಹೆಚ್ಚು ಮಂದಿ ಮಣ್ಣಾದರು. ಗುಡ್ಡ ಕಡಿದವರ ಹೆಸರು ಯಾವ ಭ್ರಷ್ಟಾಚಾರ ಪಟ್ಟಿಯಲ್ಲೂ ಮುಖ್ಯವಾಗಲಿಲ್ಲ.

ಇಲ್ಲಿ ಬಾಂಗ್ಲಾದೇಶದ ಭೂಗೋಳವನ್ನು ಕೊಂಚ ಅರಿಯಬೇಕು. ಕರ್ನಾಟಕಕ್ಕಿಂತ ಚಿಕ್ಕ ದೇಶವಿದು. ವಿಸ್ತೀರ್ಣ ಸುಮಾರು 1.47 ಲಕ್ಷ ಚದರ ಕಿ.ಮೀ., ಕರ್ನಾಟಕದ್ದು 1.91 ಲಕ್ಷ. ಜನಸಂಖ್ಯೆ ಮಾತ್ರ 2007ರಲ್ಲೇ ಹದಿನಾಲ್ಕು ಕೋಟಿಯ ಆಸುಪಾಸು. ಗಂಗೆ, ಬ್ರಹ್ಮಪುತ್ರ, ಮೇಘನಾ ನದಿಗಳ ಜಲಾನಯನ ಪ್ರದೇಶದ ಶೇ 90ಕ್ಕೂ ಹೆಚ್ಚು ಭಾಗ ದೇಶದ ಗಡಿಯ ಹೊರಗಿದೆ. ಅಂದರೆ ನೇಪಾಳ, ಭೂತಾನ್, ಅಸ್ಸಾಂ, ಮೇಘಾಲಯ, ಬಿಹಾರದಲ್ಲಿ ಸುರಿದ ಮಳೆಯೆಲ್ಲ ಸಮುದ್ರ ಸೇರಲು ಈ ಸಪಾಟು ನೆಲವನ್ನೇ ದಾಟಬೇಕು. ಎರಡು ಮಹಾನದಿಗಳು ಒಂದೇ ಕಾಲಕ್ಕೆ ಉಕ್ಕಿದರೆ, ಅದೇ ಹೊತ್ತಿಗೆ ಸಮುದ್ರದ ಉಬ್ಬರವೂ ಸೇರಿದರೆ, ನೀರಿಗೆ ಹೋಗಲು ದಾರಿಯೇ ಇರುವುದಿಲ್ಲ.

ಆದ್ದರಿಂದಲೇ ಬಂಗಾಳಿಗಳ ಭಾಷೆಯಲ್ಲಿ ನೀರಿಗೆ ಎರಡು ಹೆಸರಿದೆ. ಪ್ರತಿ ವರ್ಷ ಗದ್ದೆಗೆ ಬಂದು, ಮೆಕ್ಕಲು ಬಿಟ್ಟು, ಮೀನು ತಂದು ಹೋಗುವ ನೀರು 'ಬರ್ಷಾ'. ಅದು ಬರದಿದ್ದರೆ ರೈತ ಕಂಗಾಲಾಗುತ್ತಾನೆ. ಅಳತೆ ಮೀರಿ, ಹೊತ್ತು ಮೀರಿ ಬಂದು ಕೂರುವ ನೀರು 'ಬನ್ಯಾ'. 1988ರಲ್ಲಿ ದೇಶದ ಶೇ 60ರಷ್ಟು, 1998ರಲ್ಲಿ ಮೂರನೇ ಎರಡರಷ್ಟು ಭಾಗ ಮುಳುಗಿತ್ತು. 2007ರಲ್ಲಿ ಮುಳುಗಿದ್ದು ಸುಮಾರು ಶೇ 42. ಅಂಕಿಯ ಲೆಕ್ಕದಲ್ಲಿ ಇದು ಆ ಎರಡು ನೆರೆಗಳಷ್ಟು ದೊಡ್ಡದಲ್ಲ. ಆದರೆ 2007ರ ನೀರು ಎರಡು ಕಂತಿನಲ್ಲಿ ಬಂತು. ಹಾನಿಯ ಗುಟ್ಟು ಅಲ್ಲಿದೆ.

ಮೊದಲ ಕಂತು ಜುಲೈ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ಅದು ಮಳೆಗಾಲದ ಮುಖ್ಯ ಬೆಳೆಯಾದ 'ಅಮನ್' ಭತ್ತದ ನಾಟಿಯ ಸಮಯ. ಸಸಿಮಡಿಗಳು ಕೊಳೆತವು. ನೀರಿಳಿದೊಡನೆ ರೈತರು ಸಾಲ ಮಾಡಿ, ದೂರದೂರುಗಳಿಂದ ಸಸಿ ತಂದು ಎರಡನೆಯ ಬಾರಿ ನೆಟ್ಟರು. ಸೆಪ್ಟೆಂಬರ್ ಮೊದಲ ವಾರದಲ್ಲಿ ಎರಡನೆಯ ಕಂತು ಬಂತು. ಮೂರನೆಯ ಬಾರಿ ನೆಡಲು ಸಸಿಯೂ ಇಲ್ಲ, ಕಾಲವೂ ಇಲ್ಲ. ಎರಡೂ ನೆರೆಗಳಿಂದ ಒಂದು ಕೋಟಿಗೂ ಹೆಚ್ಚು ಜನ ಸಂತ್ರಸ್ತರಾದರು. ಮುಳುಗಿ, ಹಾವು ಕಚ್ಚಿ, ರೋಗ ಬಡಿದು ಸತ್ತವರು ಸಾವಿರ ದಾಟಿದರು. ಢಾಕಾದ ಪ್ರಸಿದ್ಧ ಅತಿಸಾರ ಸಂಶೋಧನಾ ಕೇಂದ್ರದ ಆಸ್ಪತ್ರೆಗೆ ಆಗಸ್ಟ್‌ನಲ್ಲಿ ದಿನಕ್ಕೆ ಸುಮಾರು ಸಾವಿರ ರೋಗಿಗಳು ಬರುತ್ತಿದ್ದರು. ವಾರ್ಡುಗಳು ಸಾಲದೆ ವಾಹನ ನಿಲ್ಲಿಸುವ ಜಾಗದಲ್ಲಿ ಡೇರೆ ಹಾಕಿ ಮಂಚಗಳನ್ನಿಡಬೇಕಾಯಿತು.

ಚೆಂಡಾಟದಿಂದ ಕರ್ಫ್ಯೂವರೆಗೆ

ನೆರೆ ಇಳಿಯುತ್ತಿದ್ದ ಆ ದಿನಗಳಲ್ಲಿ ರಾಜಧಾನಿಯ ಗಮನ ಎಲ್ಲಿತ್ತು? ಜುಲೈ 16ರ ಬೆಳಗಿನ ಜಾವ ಹಸೀನಾ ಬಂಧನವಾಗಿತ್ತು. ಸೆಪ್ಟೆಂಬರ್ 3ರಂದು ಖಲೀದಾ ಬಂಧನವಾಯಿತು. ಸಂಸತ್ ಭವನದ ಆವರಣದ ಮನೆಗಳನ್ನೇ ವಿಶೇಷ ಜೈಲುಗಳಾಗಿ ಮಾರ್ಪಡಿಸಿ ಇಬ್ಬರನ್ನೂ ಅಕ್ಕಪಕ್ಕದಲ್ಲೇ ಇಡಲಾಯಿತು. ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದ, ಒಬ್ಬರು ಸಂಸತ್ತಿಗೆ ಬಂದರೆ ಇನ್ನೊಬ್ಬರು ಬಹಿಷ್ಕರಿಸುತ್ತಿದ್ದ ಈ ಇಬ್ಬರನ್ನೂ ಸಂಸತ್ತಿನ ಅಂಗಳದಲ್ಲಿ ನೆರೆಹೊರೆಯವರನ್ನಾಗಿ ಮಾಡಿದ ಕೀರ್ತಿ ಸೈನ್ಯಕ್ಕೇ ಸಲ್ಲಬೇಕು!

ಇವೆರಡರ ನಡುವೆ, ಆಗಸ್ಟ್ 20ರಂದು, ಢಾಕಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಫುಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ವಿಶ್ವವಿದ್ಯಾಲಯದ ವ್ಯಾಯಾಮ ಶಾಲೆಯಲ್ಲೇ ಬಿಡಾರ ಹೂಡಿದ್ದ ಯೋಧರಿಗೂ ವಿದ್ಯಾರ್ಥಿಗಳಿಗೂ ಕ್ಷುಲ್ಲಕ ವಿಷಯಕ್ಕೆ ಮಾತು ಬೆಳೆಯಿತು. ಯೋಧರು ವಿದ್ಯಾರ್ಥಿಗಳ ಮೇಲೆ ಕೈ ಮಾಡಿದರು. ಎರಡು ದಿನಗಳಲ್ಲಿ ಕಿಡಿ ದೇಶದ ಇತರ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಬಿಡಾರ ತೆರವಾಯಿತು, ಮುಖ್ಯ ಸಲಹೆಗಾರರು ವಿಷಾದ ವ್ಯಕ್ತಪಡಿಸಿದರು, ಆದರೂ ಬೆಂಕಿ ಆರಲಿಲ್ಲ. ಆಗಸ್ಟ್ 22ರ ರಾತ್ರಿ ಢಾಕಾ ಸೇರಿ ಆರು ನಗರಗಳಲ್ಲಿ ಕರ್ಫ್ಯೂ ವಿಧಿಸಲಾಯಿತು. ವಿದ್ಯಾರ್ಥಿ ನಿಲಯಗಳನ್ನು ಕೆಲವೇ ಗಂಟೆಗಳಲ್ಲಿ ತೆರವುಗೊಳಿಸಲಾಯಿತು. ಢಾಕಾ ಮತ್ತು ರಾಜ್‌ಶಾಹಿಯ ಪ್ರಾಧ್ಯಾಪಕರು ಜೈಲು ಸೇರಿದರು.

ಪ್ರಾಧ್ಯಾಪಕರ ಬಂಧನದಷ್ಟೇ ಗಂಭೀರವಾದ ಇನ್ನೊಂದು ಪರಿಣಾಮವಿತ್ತು. ಬಾಂಗ್ಲಾದೇಶದಲ್ಲಿ ಪ್ರತಿ ನೆರೆಯ ಹೊತ್ತಿಗೂ ಬೀದಿ ಬೀದಿ ಅಲೆದು ಚಂದಾ ಎತ್ತುವ, ರೊಟ್ಟಿ ತಟ್ಟುವ, ಉಪ್ಪು-ಬೆಲ್ಲದ ನೀರಿನ ಪೊಟ್ಟಣ ಕಟ್ಟುವ ಕೈಗಳು ವಿದ್ಯಾರ್ಥಿಗಳವು ಹಾಗೂ ಪಕ್ಷಗಳ ಸ್ಥಳೀಯ ಕಾರ್ಯಕರ್ತರವು. 1998ರ ನೆರೆಯಲ್ಲಿ ಇದನ್ನು ಎಲ್ಲರೂ ಕಂಡಿದ್ದರು. 2007ರಲ್ಲಿ ನಿಲಯಗಳು ಖಾಲಿ. ಒಳಾಂಗಣ ಸಭೆಗಳಿಗೂ ಸೇರಿ ರಾಜಕೀಯ ಚಟುವಟಿಕೆಗಳಿಗೆ ಮಾರ್ಚ್‌ನಿಂದಲೇ ನಿಷೇಧ. ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಅದೂ ಢಾಕಾದಲ್ಲಿ ಮಾತ್ರ, ಷರತ್ತುಗಳೊಂದಿಗೆ ಅದನ್ನು ಸಡಿಲಿಸಲಾಯಿತು. ಸೈನ್ಯ ದೋಣಿಯಲ್ಲಿ ಅಕ್ಕಿ ಹಂಚಿದ್ದು ನಿಜ, ಶಿಸ್ತಿನಿಂದಲೇ ಹಂಚಿತು. ಆದರೆ ಯಾವ ಮನೆಯಲ್ಲಿ ಒಲೆ ಉರಿದಿಲ್ಲ ಎಂಬ ಸುದ್ದಿ ಮೇಲಕ್ಕೆ ಮುಟ್ಟಿಸಲು ಪಕ್ಷದ ಪುಢಾರಿಗಿಂತ ಒಳ್ಳೆಯ ಅಂಚೆಯವನಿಲ್ಲ. ಮತ ಬೇಕಾದವನಿಗೆ ಆ ಮನೆಯ ಲೆಕ್ಕ ಇರಲೇಬೇಕಾಗುತ್ತದೆ.

ಅಕ್ಕಿಯ ಕತೆ

ಬಾಂಗ್ಲಾದೇಶದಲ್ಲಿ ಸರ್ಕಾರಗಳ ಆಯುಷ್ಯ ಅಕ್ಕಿಯ ಬೆಲೆಯೊಂದಿಗೆ ಹೆಣೆದುಕೊಂಡಿದೆ. 1974ರ ಕ್ಷಾಮದ ನೆನಪು ಅಷ್ಟು ಆಳ. ಆ ಕ್ಷಾಮದ ಬಗ್ಗೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದೇನೆಂದರೆ, ಆ ವರ್ಷ ದೇಶದಲ್ಲಿ ತಲಾ ಆಹಾರ ಲಭ್ಯತೆ ಹಿಂದು ಮುಂದಿನ ವರ್ಷಗಳಿಗಿಂತ ಕಡಿಮೆಯೇನೂ ಇರಲಿಲ್ಲ. ನೆರೆಯಿಂದ ಕೂಲಿ ನಿಂತಿತು, ಬೆಲೆ ಏರಿತು, ಕೊಳ್ಳುವ ಶಕ್ತಿ ಕಳೆದುಕೊಂಡವರು ಸತ್ತರು. ಅಕ್ಕಿ ಇತ್ತು, ಅದನ್ನು ಕೊಳ್ಳಲು ಕಾಸಿರಲಿಲ್ಲ.

2007ರಲ್ಲಿ ಕ್ಷಾಮವಾಗಲಿಲ್ಲ. ಹೊರದೇಶಗಳಲ್ಲಿ ದುಡಿಯುವ ಬಾಂಗ್ಲಾದೇಶೀಯರು 2006-07ರ ಸಾಲಿನಲ್ಲಿ ಮನೆಗೆ ಕಳುಹಿಸಿದ ಹಣವೇ ಸುಮಾರು 600 ಕೋಟಿ ಡಾಲರ್. ಸಿದ್ಧ ಉಡುಪು ಕಾರ್ಖಾನೆಗಳು ಓಡುತ್ತಿದ್ದವು. 1974ಕ್ಕೂ 2007ಕ್ಕೂ ಇರುವ ಅಂತರ ಇದೇ. ಆದರೂ ಬೆಲೆ ಏರುತ್ತಲೇ ಹೋಯಿತು. ಇದಕ್ಕೆ ಕಾರಣ ನೆರೆಯೊಂದೇ ಅಲ್ಲ. ಜಗತ್ತಿನಾದ್ಯಂತ ಆಹಾರಧಾನ್ಯದ ಬೆಲೆ ಏರುತ್ತಿದ್ದ ಕಾಲವದು. ಜೊತೆಗೆ, ಭ್ರಷ್ಟಾಚಾರ ವಿರೋಧಿ ದಾಳಿಗಳ ಭೀತಿಯಿಂದ ದೊಡ್ಡ ಆಮದುದಾರರು ಕೆಲವರು ಜೈಲಿನಲ್ಲಿದ್ದರು, ಕೆಲವರು ತಲೆಮರೆಸಿಕೊಂಡಿದ್ದರು, ಉಳಿದವರು ಹೆಚ್ಚು ದಾಸ್ತಾನು ಇಟ್ಟರೆ ಕಾಳಸಂತೆಕೋರನೆಂಬ ಪಟ್ಟ ಬಂದೀತೆಂದು ಕೈಕಟ್ಟಿ ಕುಳಿತರು. ವ್ಯಾಪಾರಿಯನ್ನು ಹೆದರಿಸಿದರೆ ಬೆಲೆ ಇಳಿಯುತ್ತದೆ ಎಂಬುದು ಬ್ಯಾರಕ್ಕಿನ ಅರ್ಥಶಾಸ್ತ್ರ. ಮಾರುಕಟ್ಟೆಯಲ್ಲಿ ಅದು ತಿರುಗುಬಾಣವಾಯಿತು.

ಅಕ್ಟೋಬರ್‌ನಲ್ಲಿ ಭಾರತ ತನ್ನ ಬಾಸ್ಮತಿಯೇತರ ಅಕ್ಕಿಯ ರಫ್ತಿನ ಮೇಲೆ ನಿರ್ಬಂಧ ಹೇರಿದಾಗ ಢಾಕಾದಲ್ಲಿ ನಡುಕ ಹುಟ್ಟಿತು. ಅದು ಸಾಮಾನ್ಯವಾಗಿ ಅಕ್ಕಿ ತರುತ್ತಿದ್ದುದೇ ಗಡಿಯಾಚೆಯಿಂದ. ಸರ್ಕಾರ ಗಡಿ ಕಾಯುವ ಬಿಡಿಆರ್ ಪಡೆಯನ್ನು ನಗರದೊಳಕ್ಕೆ ಕರೆದು, 'ಆಪರೇಷನ್ ದಾಲ್-ಭಾತ್' ಹೆಸರಿನಲ್ಲಿ ನ್ಯಾಯಬೆಲೆ ಅಂಗಡಿಗಳನ್ನು ತೆರೆಸಿತು. ಕೋವಿ ಹಿಡಿಯುವ ಜವಾನರು ತಕ್ಕಡಿ ಹಿಡಿದರು. ಅಂಗಡಿಗಳ ಮುಂದೆ ಹೆಂಗಸರ ಸಾಲು ಬೆಳೆಯಿತು, ಕೆಳ ಮಧ್ಯಮ ವರ್ಗದವರೂ ಮುಖ ಮುಚ್ಚಿಕೊಂಡು ನಿಂತರು. ಈ ಅಂಗಡಿಗಳ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ.

ಇಷ್ಟರ ಮಧ್ಯೆ ಒಂದು ಒಳ್ಳೆಯ ಕೆಲಸವೂ ಆಯಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಬೇಕೆಂದು ಸುಪ್ರೀಂ ಕೋರ್ಟ್ 1999ರಲ್ಲೇ ತೀರ್ಪಿತ್ತಿತ್ತು. ಎರಡೂ ಪಕ್ಷಗಳ ಚುನಾಯಿತ ಸರ್ಕಾರಗಳು ಗಡುವಿನ ಮೇಲೆ ಗಡುವು ಪಡೆದು ಅದನ್ನು ತಳ್ಳುತ್ತಾ ಬಂದಿದ್ದವು. 2007ರ ನವೆಂಬರ್ 1ರಂದು ಉಸ್ತುವಾರಿ ಸರ್ಕಾರ ಅದನ್ನು ಜಾರಿಗೊಳಿಸಿತು. ಮ್ಯಾಜಿಸ್ಟ್ರೇಟರು ಜಿಲ್ಲಾಡಳಿತದ ಹಿಡಿತದಿಂದ ಹೊರಬಂದರು. ತುರ್ತುಪರಿಸ್ಥಿತಿ ನಿಯಮಗಳಡಿ ಬಂಧಿತರಾದವರಿಗೆ ಜಾಮೀನೇ ಇಲ್ಲದಿದ್ದ ಕಾಲದಲ್ಲಿ ನ್ಯಾಯಾಂಗ ಸ್ವತಂತ್ರವಾಯಿತು ಎಂಬುದು ಬೇರೆ ಮಾತು.

ನವೆಂಬರ್ 15

ಅದೂ ಗುರುವಾರವೇ. ಸಂಜೆ ಕತ್ತಲಾಗುವ ಹೊತ್ತಿಗೆ, ಗಂಟೆಗೆ 240 ಕಿ.ಮೀ.ವರೆಗಿನ ಗಾಳಿಯೊಂದಿಗೆ ಸಿಡರ್ ಬಾಂಗ್ಲಾದ ನೈಋತ್ಯ ಕರಾವಳಿಗೆ ಅಪ್ಪಳಿಸಿತು. ಬಾಗೇರ್‌ಹಾಟ್, ಬರ್ಗುನಾ, ಪಿರೋಜ್‌ಪುರ, ಪಟುವಾಖಾಲಿ ಜಿಲ್ಲೆಗಳು ಅತಿ ಹೆಚ್ಚು ನೊಂದವು. ಬಲೇಶ್ವರ ನದಿಯ ದಂಡೆಯ ಶರಣಖೋಲಾ ಭಾಗದಲ್ಲಿ ಸಮುದ್ರದ ನೀರು ಆಳೆತ್ತರಕ್ಕೂ ಮಿಗಿಲಾದ ಗೋಡೆಯಂತೆ ಬಂದು, 1960ರ ದಶಕದಿಂದ ಕಟ್ಟಿಕೊಂಡು ಬಂದಿದ್ದ ಮಣ್ಣಿನ ಒಡ್ಡುಗಳನ್ನು ದಾಟಿ ಊರುಗಳನ್ನು ಗುಡಿಸಿಹಾಕಿತು. ಆ ರಾತ್ರಿ ವಿದ್ಯುತ್ ಜಾಲವೇ ಕುಸಿದು ಇಡೀ ದೇಶ ಕತ್ತಲಲ್ಲಿ ಮುಳುಗಿತು.

ಅಧಿಕೃತ ಲೆಕ್ಕದಂತೆ ಸತ್ತವರು 3,406 ಮಂದಿ. ಗಾಯಗೊಂಡವರು 55,000ಕ್ಕೂ ಹೆಚ್ಚು. ಹಾನಿ ಸುಮಾರು 170 ಕೋಟಿ ಡಾಲರ್. ಈ ಸಂಖ್ಯೆಯನ್ನು ಹಿಂದಿನ ಸಂಖ್ಯೆಗಳ ಪಕ್ಕದಲ್ಲಿಟ್ಟು ನೋಡಬೇಕು. 1970ರ ಭೋಲಾ ಚಂಡಮಾರುತದಲ್ಲಿ ಸತ್ತವರು ಕನಿಷ್ಠ ಮೂರು ಲಕ್ಷ. 1991ರಲ್ಲಿ ಸುಮಾರು 1.4 ಲಕ್ಷ. ಸಿಡರ್‌ನ ಗಾಳಿ ಅವುಗಳಿಗಿಂತ ದುರ್ಬಲವೇನೂ ಆಗಿರಲಿಲ್ಲ.

ಹಾಗಾದರೆ ಉಳಿಸಿದ್ದು ಯಾವುದು? ಒಂದು, ಸುಂದರಬನದ ಮ್ಯಾಂಗ್ರೋವ್ ಕಾಡು ಗಾಳಿಯ ಹಾಗೂ ಅಲೆಯ ಮೊದಲ ಹೊಡೆತವನ್ನು ತನ್ನ ಮೈಮೇಲೆ ತೆಗೆದುಕೊಂಡಿತು. ಇನ್ನೊಂದು, 1972ರಲ್ಲಿ ಆರಂಭವಾದ ಚಂಡಮಾರುತ ಪೂರ್ವಸಿದ್ಧತಾ ಕಾರ್ಯಕ್ರಮ. ರೆಡ್ ಕ್ರೆಸೆಂಟ್ ಹಾಗೂ ಸರ್ಕಾರ ಜಂಟಿಯಾಗಿ ನಡೆಸುವ ಈ ವ್ಯವಸ್ಥೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಹಳ್ಳಿಯ ಸ್ವಯಂಸೇವಕರಿದ್ದರು. ಸೈಕಲ್, ಧ್ವನಿವರ್ಧಕ, ಕೆಂಪು ಬಾವುಟ ಇವಿಷ್ಟೇ ಅವರ ಆಯುಧ. ಹತ್ತನೇ ಸಂಖ್ಯೆಯ ಮಹಾ ಅಪಾಯ ಸಂಕೇತ ಬಂದಾಗ ಮನೆ ಮನೆ ಬಾಗಿಲು ಬಡಿದು ಲಕ್ಷಾಂತರ ಜನರನ್ನು ಕಾಂಕ್ರೀಟಿನ ಆಸರೆ ಕಟ್ಟಡಗಳಿಗೆ ಕರೆದೊಯ್ದವರು ಅವರು. ಈ ವ್ಯವಸ್ಥೆ ಯಾವುದೇ ಒಂದು ಸರ್ಕಾರದ ಕೊಡುಗೆಯಲ್ಲ. ಮುಜೀಬರ ಕಾಲದಲ್ಲಿ ಹುಟ್ಟಿ, ಸೇನಾಡಳಿತಗಳನ್ನು ದಾಟಿ, ಇಬ್ಬರು ಬೇಗಂಗಳ ಜಗಳದಲ್ಲೂ ಉಳಿದು ಬಂದಿತ್ತು.

ಆದರೂ ಎಲ್ಲರೂ ಮನೆ ಬಿಡಲಿಲ್ಲ. ಎರಡೇ ತಿಂಗಳ ಹಿಂದೆ, ಸೆಪ್ಟೆಂಬರ್‌ನಲ್ಲಿ, ಸುಮಾತ್ರಾ ಭೂಕಂಪದ ನಂತರ ಸುನಾಮಿ ಬರುತ್ತದೆಂದು ಕರಾವಳಿಯ ಜನರನ್ನು ಎಬ್ಬಿಸಲಾಗಿತ್ತು. ಏನೂ ಬರಲಿಲ್ಲ. ಹಾಗಾಗಿ ಈ ಬಾರಿಯೂ ಅಷ್ಟೇ ಎಂದು ಕುಳಿತವರಿದ್ದರು. ಆಸರೆ ಕಟ್ಟಡ ದೂರವಿದೆ ಎಂದು, ದನಕರು ಬಿಟ್ಟು ಹೇಗೆ ಹೋಗುವುದೆಂದು, ಹೆಣ್ಣುಮಕ್ಕಳನ್ನು ಗುಂಪಿನಲ್ಲಿ ಹೇಗೆ ಇರಿಸುವುದೆಂದು ಉಳಿದವರೂ ಇದ್ದರು. ನೀರು ಬಂದಾಗ ಹೊರಡುವ ಹೊತ್ತು ಮೀರಿತ್ತು.

ಅಮನ್ ಬೆಳೆಯ ಕತೆ ಇಲ್ಲಿಗೆ ಪೂರ್ಣವಾಗುತ್ತದೆ. ನೆರೆ ತಟ್ಟದ ದಕ್ಷಿಣದ ಜಿಲ್ಲೆಗಳಲ್ಲಿ ತೆನೆ ಬಲಿತು ನಿಂತಿತ್ತು. ಕೊಯ್ಲಿಗೆ ಎರಡು ಮೂರು ವಾರಗಳಷ್ಟೇ ಬಾಕಿ. ಉತ್ತರ ಮತ್ತು ಮಧ್ಯ ಭಾಗದ ನಷ್ಟವನ್ನು ಈ ಬೆಳೆ ತುಂಬಿಕೊಟ್ಟೀತು ಎಂಬುದು ಆಡಳಿತದ ಲೆಕ್ಕಾಚಾರವಾಗಿತ್ತು. ಸಿಡರ್ ಅದನ್ನು ಉಪ್ಪು ನೀರಿನಲ್ಲಿ ಮಲಗಿಸಿತು. ಗಾಯದ ಮೇಲೆ ಬರೆ ಎಂದರೆ ಇದೇ.

ಡಿಸೆಂಬರ್ 1ರಂದು ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಢಾಕಾಕ್ಕೆ ತೆರಳಿ, ರಫ್ತು ನಿರ್ಬಂಧದಿಂದ ವಿನಾಯಿತಿ ನೀಡಿ ಐದು ಲಕ್ಷ ಟನ್ ಅಕ್ಕಿ ಒದಗಿಸುವುದಾಗಿ ಭರವಸೆಯಿತ್ತರು. ಹತ್ತು ಹಳ್ಳಿಗಳನ್ನು ಮರಳಿ ಕಟ್ಟಿಕೊಡುವ ಮಾತನ್ನೂ ಆಡಿದರು. ಆದರೆ ಅಕ್ಕಿ ದಾನವಾಗಿರಲಿಲ್ಲ, ಮಾರಾಟವಾಗಿತ್ತು. ಟನ್ನಿಗೆ ಎಷ್ಟು ಡಾಲರ್ ಎಂಬ ಚೌಕಾಸಿಯಲ್ಲಿ ತಿಂಗಳುಗಳು ಉರುಳಿದವು. ಅಷ್ಟರಲ್ಲಿ ಅಂತರರಾಷ್ಟ್ರೀಯ ಬೆಲೆ ಗಗನಕ್ಕೇರಿತ್ತು. ನಮ್ಮ ದೇಶದಲ್ಲಿ ಆ ಭೇಟಿ ಉದಾರತೆಯ ಸುದ್ದಿಯಾಗಿ ಪ್ರಕಟವಾಯಿತು. ಢಾಕಾದ ಪತ್ರಿಕೆಗಳಲ್ಲಿ ವಿಳಂಬದ ಸುದ್ದಿಯಾಗಿ ಉಳಿಯಿತು. ನೆರೆಹೊರೆಯ ಸಂಬಂಧ ಕೆಡುವುದು ಅನೇಕ ವೇಳೆ ಇಂತಹ ಸಣ್ಣ ಕಡತಗಳಲ್ಲೇ.

ಲೆಕ್ಕ ತೀರಿದ್ದು ಹೇಗೆ

2008ರ ಮೊದಲ ತಿಂಗಳುಗಳಲ್ಲಿ ದಪ್ಪ ಅಕ್ಕಿಯ ಬೆಲೆ ಕಿಲೋಗೆ 30 ಟಾಕಾ ದಾಟಿತು. ಅಕ್ಕಿಯ ಬದಲು ಆಲೂಗಡ್ಡೆ ತಿನ್ನಿರಿ ಎಂದು ಸೇನಾ ಮುಖ್ಯಸ್ಥರು ಜನತೆಗೆ ಕರೆಯಿತ್ತರು. ಆ ವರ್ಷ ಆಲೂಗಡ್ಡೆ ಹೇರಳವಾಗಿ ಬೆಳೆದಿತ್ತು, ಸಲಹೆಯಲ್ಲಿ ತರ್ಕವೇನೋ ಇತ್ತು. ಆದರೆ ಅನ್ನವೇ ಊಟವಾಗಿರುವ ನಾಡಿನಲ್ಲಿ ಆ ಮಾತು ಸರ್ಕಾರದ ಉಳಿದ ಜನಪ್ರಿಯತೆಯನ್ನೂ ಕರಗಿಸಿತು. ಚಳಿಗಾಲದ 'ಬೋರೊ' ಭತ್ತ ದಾಖಲೆಯ ಇಳುವರಿ ಕೊಟ್ಟಿದ್ದರಿಂದ ದೇಶ ಬಚಾವಾಯಿತು. ಅಷ್ಟರಲ್ಲಿ ಮೈನಸ್ ಟು ಸೂತ್ರ ಸತ್ತಿತ್ತು. ಬೆಲೆಯನ್ನು ಹಿಡಿದಿಡಲಾಗದವರು ಬೇಗಂಗಳನ್ನು ಹಿಡಿದಿಡುವುದು ಅಸಾಧ್ಯವಾಯಿತು. ಜೂನ್‌ನಲ್ಲಿ ಹಸೀನಾ, ಸೆಪ್ಟೆಂಬರ್‌ನಲ್ಲಿ ಖಲೀದಾ ಬಿಡುಗಡೆಯಾದರು.

ಉಸ್ತುವಾರಿ ಸರ್ಕಾರ ತನ್ನ ಮೂಲ ಕೆಲಸವನ್ನು ಮಾತ್ರ ಚೆನ್ನಾಗಿಯೇ ಮಾಡಿತು. 2007ರ ಮಧ್ಯದಲ್ಲಿ ಆರಂಭಿಸಿ, ಸೈನ್ಯದ ನೆರವಿನಿಂದ ಲ್ಯಾಪ್‌ಟಾಪ್, ಕ್ಯಾಮೆರಾ ಹಿಡಿದು ಊರೂರು ಸುತ್ತಿ, ಭಾವಚಿತ್ರ ಸಹಿತ 8.1 ಕೋಟಿ ಮತದಾರರ ಪಟ್ಟಿಯನ್ನು ಸಿದ್ಧಪಡಿಸಲಾಯಿತು. ಬೋಗಸ್ ಹೆಸರುಗಳು ಹೋದವು. ತುರ್ತುಪರಿಸ್ಥಿತಿ 2008ರ ಡಿಸೆಂಬರ್ 17ರಂದು ಅಂತ್ಯಗೊಂಡು, 29ರಂದು ಮತದಾನ ನಡೆಯಿತು. ಶೇ 85ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಅವಾಮಿ ಲೀಗ್ ಮೈತ್ರಿಕೂಟ 300ರಲ್ಲಿ 263 ಸ್ಥಾನ ಗೆದ್ದಿತು.

ಹಸೀನಾ ಅಧಿಕಾರ ಹಿಡಿದು ಎರಡು ತಿಂಗಳೂ ತುಂಬಿರಲಿಲ್ಲ. 2009ರ ಫೆಬ್ರುವರಿ 25ರಂದು ಢಾಕಾದ ಪಿಲ್ಖಾನಾ ಕೇಂದ್ರ ಕಚೇರಿಯಲ್ಲಿ ಬಿಡಿಆರ್ ಜವಾನರು ದಂಗೆ ಎದ್ದರು. 57 ಸೇನಾಧಿಕಾರಿಗಳು ಸೇರಿ 74 ಮಂದಿ ಹತ್ಯೆಯಾದರು. ಜವಾನರ ದೂರುಗಳ ಪಟ್ಟಿಯಲ್ಲಿ ವೇತನ, ರಜೆ, ಭಡ್ತಿಯ ಜೊತೆಗೆ ಇನ್ನೊಂದಿತ್ತು. ದಾಲ್-ಭಾತ್ ಅಂಗಡಿಗಳಲ್ಲಿ ದುಡಿದವರು ತಾವು, ಲಾಭ ನುಂಗಿದವರು ಅಧಿಕಾರಿಗಳು ಎಂಬುದು. ನೆರೆಯ ವರ್ಷದ ತಕ್ಕಡಿ ಅಲ್ಲಿ ಹೋಗಿ ನಿಂತಿತು.

2011ರಲ್ಲಿ ಹಸೀನಾ ಸರ್ಕಾರ 15ನೇ ತಿದ್ದುಪಡಿಯ ಮೂಲಕ ಉಸ್ತುವಾರಿ ಸರ್ಕಾರದ ವ್ಯವಸ್ಥೆಯನ್ನೇ ರದ್ದುಪಡಿಸಿತು. 2007ರಲ್ಲಿ ಅನುಭವಿಸಿದ ಜೈಲುವಾಸ ಅದಕ್ಕೆ ಹೇಳಿದ ಕಾರಣಗಳಲ್ಲಿ ಒಂದು, ಮತ್ತು ಅದನ್ನು ಸುಳ್ಳೆನ್ನಲಾಗದು. ಆದರೆ ಬೇಲಿ ಕಿತ್ತ ಮೇಲೆ ನಡೆದ 2014ರ ಚುನಾವಣೆಯಲ್ಲಿ 300ರಲ್ಲಿ 153 ಸ್ಥಾನಗಳಿಗೆ ಸ್ಪರ್ಧೆಯೇ ನಡೆಯಲಿಲ್ಲ. 2018 ಮತ್ತು 2024ರ ಚುನಾವಣೆಗಳ ವಿಶ್ವಾಸಾರ್ಹತೆಯೂ ಅಷ್ಟಕ್ಕಷ್ಟೇ. 2024ರ ಬೇಸಿಗೆಯ ಹೊತ್ತಿಗೆ ಮೂವತ್ತು ದಾಟಿದ ಬಾಂಗ್ಲಾದೇಶೀಯರಲ್ಲೂ ನಿಜವಾದ ಸ್ಪರ್ಧೆಯ ಸಂಸತ್ ಚುನಾವಣೆಯಲ್ಲಿ ಮತ ಹಾಕಿದ ಅನುಭವವಿಲ್ಲದವರು ಅಪಾರವಾಗಿದ್ದರು. ಜುಲೈನಲ್ಲಿ ಬೀದಿಗಿಳಿದವರಲ್ಲಿ ಹೆಚ್ಚಿನವರು ಅವರಿಗಿಂತಲೂ ಚಿಕ್ಕವರು.

ಫೇನಿಯಲ್ಲಿ ನೀರು ಏರಿದ ಸುದ್ದಿ ಬಂದಾಗ ಈ ಹುಡುಗ ಹುಡುಗಿಯರು ಢಾಕಾ ವಿಶ್ವವಿದ್ಯಾಲಯದ ಶಿಕ್ಷಕ-ವಿದ್ಯಾರ್ಥಿ ಕೇಂದ್ರದಲ್ಲಿ ಮೇಜು ಹಾಕಿ ಕುಳಿತರು. ಜನ ರಿಕ್ಷಾಗಳಲ್ಲಿ, ಕಾರುಗಳಲ್ಲಿ, ತಲೆಹೊರೆಯಲ್ಲಿ ಅವಲಕ್ಕಿ, ಬೆಲ್ಲ, ನೀರಿನ ಬಾಟಲಿ, ಔಷಧಿ, ಹಳೆಯ ಬಟ್ಟೆ ತಂದು ಸುರಿದರು. ರಾತ್ರಿಯೆಲ್ಲ ಪೊಟ್ಟಣ ಕಟ್ಟಿ ಲಾರಿ ತುಂಬಿ ಕಳುಹಿಸಲಾಯಿತು. ಅದು ಆಗಸ್ಟ್‌ನ ನಾಲ್ಕನೆಯ ವಾರ. 2007ರಲ್ಲಿ ಅದೇ ವಾರ, ಅದೇ ಆವರಣದ ವಿದ್ಯಾರ್ಥಿ ನಿಲಯಗಳು ಕರ್ಫ್ಯೂನಲ್ಲಿ ಖಾಲಿ ಬಿದ್ದಿದ್ದವು.